ದೆಹಲಿ ಮೇಳದಲ್ಲಿ ಹೊನ್ನಾಳಿ ರೊಟ್ಟಿ

ಪ್ರತಿವರ್ಷ ನವೆಂಬರ್ 14ರಿಂದ 27ರವರೆಗೆ ದೆಹಲಿಯ ಪ್ರಗತಿ ಮೈದಾನದಲ್ಲಿ ಭಾರತ ಅಂತರರಾಷ್ಟ್ರೀಯ ವ್ಯಾಪಾರ ಮೇಳ ನಡೆಯುತ್ತದೆ. 1980ರಲ್ಲಿ ಶುರುವಾದ ಮೇಳ ಇದು. ರಾಜ್ಯಕ್ಕೊಂದು ಮಂಟಪ, ಊಟದ ಮಳಿಗೆಗಳ ಸಾಲು, ಸಂಜೆಯಾದರೆ ಒಂದೊಂದು ರಾಜ್ಯದ ಹಾಡು-ಕುಣಿತ. ದೇಶದ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ತಂತಮ್ಮ ಸೀಮೆಯ ತಿನಿಸು, ಕಸೂತಿ, ಬುಟ್ಟಿ ತಂದು ಮಾರುತ್ತಾರೆ. ಹೊನ್ನಾಳಿ ಕಡೆಯ ಸಂಘದವರ ಜೊತೆ ಅಲ್ಲಿಗೆ ಹೋಗುವ ಅವಕಾಶ ನನಗೂ ಸಿಕ್ಕಿತು. ರೊಟ್ಟಿ ತಟ್ಟುವವರು ಅವರು. ಹಿಂದಿ ಬರುತ್ತದೆ ಎಂಬ ಕಾರಣಕ್ಕೆ ಗಿರಾಕಿಗಳ ಹತ್ತಿರ ಮಾತಾಡುವ ಕೆಲಸ ನನ್ನದಾಯಿತು.

ನೋಡುವವರಿಗೆ ಅದು ಬರೀ ಮಾತಿನ ಕೆಲಸ. ಆದರೆ ಆ ಮಳಿಗೆಯ ಮುಂದೆ ನಿಂತವರಿಗೆ ನಾವೇ ಕರ್ನಾಟಕ. ನಾವು ಹೇಳಿದ್ದನ್ನೇ ಅವರು ಮನೆಗೆ ಹೊತ್ತೊಯ್ಯುತ್ತಾರೆ. ಈ ಜವಾಬ್ದಾರಿ ಏನೆಂಬುದು ನನಗೆ ಅರ್ಥವಾದದ್ದು ದೆಹಲಿಯಲ್ಲೇ. ನಾಳೆ ಬೇರೆ ಊರುಗಳಿಂದ ಹೀಗೆ ಹೊರಡುವವರಿಗೆ ಉಪಯೋಗವಾಗಲಿ ಎಂದು ಕಲಿತದ್ದನ್ನು ಬರೆಯುತ್ತಿದ್ದೇನೆ.

ಹಿಟ್ಟಿನ ಜಿಗಿ

ಹೊನ್ನಾಳಿಗೆ ರೈಲಿಲ್ಲ. ದಾವಣಗೆರೆಗೆ ಹೋಗಿ ಅಲ್ಲಿಂದ ದೆಹಲಿ ರೈಲು ಹಿಡಿಯಬೇಕು. ನಮ್ಮ ಸಾಮಾನಿನಲ್ಲಿ ಬಟ್ಟೆಬರೆಗಿಂತ ಅಡುಗೆಯದೇ ಹೆಚ್ಚು: ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿದ ಖಡಕ್ ರೊಟ್ಟಿ, ಶೇಂಗಾ ಮತ್ತು ಗುರೆಳ್ಳು ಚಟ್ನಿಪುಡಿ, ಮಂಡಕ್ಕಿ ಚೀಲ, ಜೋಳದ ಹಿಟ್ಟು, ಜೊತೆಗೆ ಬೀಸದ ಜೋಳ. ದೆಹಲಿಯಲ್ಲೂ ಜೋಳದ ಹಿಟ್ಟು ಸಿಗುತ್ತದಲ್ಲ, ಇಷ್ಟು ಭಾರ ಯಾಕೆ ಎಂದು ಯಾರೋ ಕೇಳಿದರು. ನಮ್ಮ ತಂಡದ ಹಿರಿಯರು, ನಾವೆಲ್ಲ ದೊಡ್ಡಕ್ಕ ಎಂದು ಕರೆಯುವವರು, ಒಪ್ಪಲಿಲ್ಲ. "ಹಿಟ್ಟು ಹಳೇದಾದ್ರೆ ಜಿಗಿ ಹೋಗ್ತದೆ ತಂಗಿ. ತಟ್ಟುವಾಗ ಅಂಚು ಬಿರೀತದೆ. ಕಾಳು ಒಯ್ಯಾನ, ಅಲ್ಲೇ ಗಿರಣೀಲಿ ಬೀಸಿಸಾನ" ಎಂದರು. ದೆಹಲಿಯ ಬಡಾವಣೆಗಳಲ್ಲಿ ಗೋಧಿ ಬೀಸುವ ಗಿರಣಿಗಳು ಇನ್ನೂ ಇವೆ. ಹಿಟ್ಟು ಮುಗಿದಂತೆ ಬೇಕಾದಷ್ಟೇ ಜೋಳ ಬೀಸಿಸಿಕೊಂಡೆವು.

ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ. ಅದಕ್ಕೇ ಕುದಿಯುವ ಎಸರು ಹಾಕುವುದು. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಬೆಂದು ಅಂಟಾಗುತ್ತದೆ, ಆ ಅಂಟೇ ರೊಟ್ಟಿಯನ್ನು ಹಿಡಿದಿಡುತ್ತದೆ. ದೊಡ್ಡಕ್ಕ ಎಸರು ಹುಯ್ದು, ಸೌಟಿನ ಹಿಡಿಯಿಂದ ತಿರುವಿ, ಕೈ ತಾಳುವಷ್ಟು ಆರಿದೊಡನೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಿದ್ದರು. ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಬಲಗೈಯಿಂದ ತಟ್ಟುತ್ತಿದ್ದರೆ, ಎಡಗೈ ಅಂಚಿಗೆ ಆಸರೆಯಾಗಿ ಅದನ್ನು ಸುತ್ತಿಸುತ್ತಿತ್ತು. ರೊಟ್ಟಿ ಹಂಚಿಗೆ ಬಿದ್ದಮೇಲೆ ಒದ್ದೆ ಬಟ್ಟೆಯಿಂದ ಮೇಲಿನ ಹಿಟ್ಟು ಸವರಿ, ತಿರುವಿ, ಕೊನೆಗೆ ಉರಿಯ ಮೇಲೆ ಹಿಡಿದರೆ ಉಬ್ಬಿ ನಿಲ್ಲುತ್ತಿತ್ತು.

ಇದೆಲ್ಲ ನಾನು ಚಿಕ್ಕಂದಿನಿಂದ ನೋಡಿದ್ದೇ. ಆದರೆ ಯಾಕೆ ಬಿಸಿನೀರು, ಯಾಕೆ ಒದ್ದೆ ಬಟ್ಟೆ ಎಂದು ಅಪರಿಚಿತರು ಕೇಳಿದಾಗ ಉತ್ತರ ಬೇಕಲ್ಲ! ದೊಡ್ಡಕ್ಕನನ್ನು ಕೇಳಿ ಕೇಳಿ ತಿಳಿದುಕೊಂಡೆ. ಊರಿನ ಅಡುಗೆಯನ್ನು ಪರಿಚಯಿಸಲು ಹೊರಡುವವರು ಹೊರಡುವ ಮುಂಚೆ ಅಡುಗೆಮನೆಯಲ್ಲಿ ಕೂತು ಹಿರಿಯರನ್ನು ಇಂಥ ಪ್ರಶ್ನೆ ಕೇಳಿಕೊಳ್ಳಬೇಕು. ಹೆಮ್ಮೆಯ ಮಾತು ಯಾರಾದರೂ ಆಡುತ್ತಾರೆ, ಕಾರಣ ಹೇಳುವವರು ಬೇಕು.

ಕರ್ನಾಟಕ ಅಂದರೆ ಯಾವುದು?

ನಮ್ಮ ರಾಜ್ಯದ ಹೆಸರು ಕೇಳಿದೊಡನೆ ಹೆಚ್ಚಿನವರ ಬಾಯಲ್ಲಿ ಬರುತ್ತಿದ್ದುದು ಬೆಂಗಳೂರು, ಇಡ್ಲಿ-ದೋಸೆ, ಮೈಸೂರು ಪಾಕ್. ರೇಷ್ಮೆ, ಗಂಧದ ಸೋಪು, ಚನ್ನಪಟ್ಟಣದ ಗೊಂಬೆ, ಬಿದರಿಯ ಹೂಜಿ ಗೊತ್ತಿದ್ದವರೂ ಇದ್ದರು. ರೊಟ್ಟಿ ನೋಡಿ "ಇದೂ ಸೌತ್ ಇಂಡಿಯನ್ನಾ?" ಎಂದು ಆಶ್ಚರ್ಯಪಟ್ಟವರಿಗೆ ಲೆಕ್ಕವಿಲ್ಲ. ಇಡೀ ರಾಜ್ಯವನ್ನು ವಿವರಿಸಲು ಹೋದರೆ ಕೇಳುವವರ ಕಣ್ಣು ಪಕ್ಕದ ಮಳಿಗೆಗೆ ಹೋಗುತ್ತಿತ್ತು. "ನಾವು ಹೊನ್ನಾಳಿಯವರು, ತುಂಗಭದ್ರೆಯ ದಂಡೆಯವರು, ನಮ್ಮ ಮನೆಯಲ್ಲಿ ಉಣ್ಣುವುದು ಹೀಗೆ" ಎಂದರೆ ಹತ್ತಿರ ಬಂದು ನಿಲ್ಲುತ್ತಿದ್ದರು.

ಹೇಳಲು ನಮಗೆ ಬೇಕಾದಷ್ಟಿತ್ತು. ಹೊನ್ನಾಳಿ ಅರೆಮಲೆನಾಡು. ಅತ್ತ ಶಿವಮೊಗ್ಗ, ಇತ್ತ ದಾವಣಗೆರೆ. ಮಲೆನಾಡಿನ ಅನ್ನ, ಬಯಲುಸೀಮೆಯ ರೊಟ್ಟಿ ಎರಡೂ ಒಂದೇ ಮನೆಯಲ್ಲಿ ಒಂದೇ ದಿನ ಆಗುವ ಸೀಮೆ ಇದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಚನ್ನಗಿರಿಯಲ್ಲಿ ಅಡಿಕೆ ತೋಟ, ಸೂಳೆಕೆರೆಯ ನೀರಿನ ಗದ್ದೆ. ಜಗಳೂರಿನಲ್ಲಿ ಮಳೆಯನ್ನೇ ನಂಬಿದ ಹೊಲ, ರಾಗಿ ಮುದ್ದೆ, ಶೇಂಗಾ. ಇತ್ತೀಚೆಗೆ ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿಯಲ್ಲಿ ಲಂಬಾಣಿ ತಾಂಡಾಗಳು. ಇಷ್ಟೂ ಒಂದೇ ಜಿಲ್ಲೆಯ ಒಳಗೆ. ಹೀಗಿರುವಾಗ ಕರ್ನಾಟಕದ ಊಟ ಇದೇ ಎಂದು ಒಂದು ತಟ್ಟೆ ತೋರಿಸುವುದು ಹೇಗೆ ನ್ಯಾಯ?

ಬೇರೆ ದೇಶದವರಿಗೂ ಇದೇ ಇಕ್ಕಟ್ಟು. ಅಮೆರಿಕದ ಫ್ಲಾರಿಡಾದಲ್ಲಿ ಡಿಸ್ನಿಯವರ ಎಪ್ಕಾಟ್ ಎಂಬ ಉದ್ಯಾನವಿದೆ, 1982ರ ಅಕ್ಟೋಬರ್ 1ರಂದು ಶುರುವಾದದ್ದು. ಅಲ್ಲಿ ಈಗ ಹನ್ನೊಂದು ದೇಶಗಳ ಮಂಟಪಗಳಿವೆ. ಕೆನಡಾ ಮಂಟಪದಲ್ಲಿ ಗಿರಾಕಿಗಳನ್ನು ಮಾತಾಡಿಸಲು, ಬಡಿಸಲು ಆ ದೇಶದಿಂದಲೇ ಯುವಕ ಯುವತಿಯರನ್ನು ಕರೆಸಿಕೊಂಡದ್ದುಂಟು. ಕೆನಡಾ ಎಂದರೆ ಬಂದವರಿಗೆ ಗೊತ್ತಿರುವುದು ಹಿಮ ಮತ್ತು ಮೇಪಲ್ ಪಾಕ. ಕರಿದ ಆಲೂಗಡ್ಡೆಯ ಮೇಲೆ ಚೀಸು, ಗ್ರೇವಿ ಹಾಕಿ ಕೊಡುವ ಪೂಟೀನ್ ಫ್ರೆಂಚ್ ಮಾತಾಡುವ ಕ್ವಿಬೆಕ್‌ನದು. ನನೈಮೊ ಬಾರ್ ಎಂಬ ಸಿಹಿ, ದೇಶದ ಇನ್ನೊಂದು ತುದಿಯ ಬ್ರಿಟಿಷ್ ಕೊಲಂಬಿಯದ್ದು. ಅಷ್ಟು ದೊಡ್ಡ ದೇಶಕ್ಕೆ ಒಬ್ಬ ಹುಡುಗಿ ಹೇಗೆ ಬಾಯಾದಾಳು? ಅಲ್ಲಿನ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಕೆಲಸಗಾರರ ಎದೆಯ ಮೇಲಿನ ಹೆಸರುಪಟ್ಟಿಯಲ್ಲಿ ಅವರ ಊರಿನ ಹೆಸರೂ ಇರುತ್ತದೆ. ದೇಶದ ಮಾತು ಹಾಗಿರಲಿ, ಆ ಊರಿನ ಬಗ್ಗೆ ಕೇಳಿದರೆ ಆಕೆ ಎದೆತುಂಬಿ ಹೇಳಬಲ್ಲಳು.

ಇವತ್ತಿನ ನಿಜ

ಒಂದು ಮಧ್ಯಾಹ್ನ ಪಂಜಾಬಿನ ಅಜ್ಜಿಯೊಬ್ಬರು ರೊಟ್ಟಿ ತಟ್ಟುವ ಸದ್ದಿಗೆ ನಿಂತರು. ಅವರ ಮನೆಯಲ್ಲಿ ಮೆಕ್ಕೆಜೋಳದ ರೊಟ್ಟಿ. ತಾವೂ ಒಂದು ಮಾಡುತ್ತೇನೆಂದು ಸನ್ನೆಯಲ್ಲೇ ಕೇಳಿ, ಕೈತೊಳೆದು ಕೂತರು. ಅವರದು ಎರಡು ಅಂಗೈಗಳ ನಡುವೆ ತಟ್ಟುವ ಕ್ರಮ, ನಮ್ಮದು ಮಣೆಯ ಮೇಲೆ. ದೊಡ್ಡಕ್ಕ ಅವರ ಕೈ ನೋಡಿದರು, ಅವರು ದೊಡ್ಡಕ್ಕನ ಕೈ ನೋಡಿದರು. ನಾನು ಹಿಂದಿಯಲ್ಲಿ ಹೇಳುವುದೇನೂ ಇರಲಿಲ್ಲ.

ಹೋಗುವ ಮುಂಚೆ ಅಜ್ಜಿ ಕೇಳಿದರು: "ನಿಮ್ಮ ಕಡೆ ಮೆಕ್ಕೆಜೋಳ ಬೆಳೆಯುತ್ತಾರಾ?" ಬೆಳೆಯುತ್ತೇವೆ, ಬಹಳ ಬೆಳೆಯುತ್ತೇವೆ. ದಾವಣಗೆರೆ ಜಿಲ್ಲೆ ಮೆಕ್ಕೆಜೋಳಕ್ಕೆ ಹೆಸರಾದದ್ದು. ಆದರೆ ಅದರಲ್ಲಿ ಹೆಚ್ಚಿನ ಪಾಲು ಕೋಳಿ, ದನಗಳ ಮೇವಿಗೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ನಾವು ರೊಟ್ಟಿಗೆ ತಂದಿದ್ದ ಬಿಳಿಜೋಳ ವಿಜಯಪುರ ಸೀಮೆಯ ಮಾಲ್ದಂಡಿ, ಅಂಗಡಿಯಲ್ಲಿ ಕೊಂಡದ್ದು. ಇದನ್ನು ಅಜ್ಜಿಗೆ ಹಾಗೇ ಹೇಳಿದೆ. ಆಮೇಲೆ ಯಾರು ಕೇಳಿದರೂ ಹಾಗೇ ಹೇಳಿದೆ.

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ, ಸರ್ಕಾರವೂ ಅವಕ್ಕೆ ಶ್ರೀ ಅನ್ನ ಎಂದು ಹೆಸರಿಟ್ಟ ಮೇಲೆ, ಜೋಳವೆಂದರೆ ಪಟ್ಟಣದವರಿಗೆ ಹೊಸ ಆಸೆ. ನಮ್ಮ ಪ್ರತಿ ಹೊಲದಲ್ಲೂ ಜೋಳದ ತೆನೆ ತೂಗುತ್ತದೆ ಎಂದರೆ ನಂಬಲು ಅವರು ಸಿದ್ಧರಿದ್ದರು. ಆದರೆ ರೈತ ಜೋಳ ಬಿಟ್ಟದ್ದಕ್ಕೆ ಕಾರಣಗಳಿವೆ. ತೆನೆ ಕಟ್ಟಿದ ಮೇಲೆ ಹಕ್ಕಿ ಕಾಯಬೇಕು, ಕೊಯ್ಲಿಗೆ ಆಳು ಬೇಕು. ಮೆಕ್ಕೆಜೋಳದ ಹೈಬ್ರಿಡ್ ಬೀಜ ಹೆಚ್ಚು ಇಳುವರಿ ಕೊಡುತ್ತದೆ, ಕೊಳ್ಳುವವರು ದಾವಣಗೆರೆ ಮಾರುಕಟ್ಟೆಯಲ್ಲೇ ಇದ್ದಾರೆ. ಇಷ್ಟನ್ನು ಹೇಳಿದಾಗ ಗಿರಾಕಿಗಳು ಬೇಸರಪಡಲಿಲ್ಲ. ತಮ್ಮ ಊರಿನಲ್ಲಿ ಬಿಟ್ಟುಹೋದ ಬೆಳೆಗಳ ಮಾತು ತೆಗೆದರು. ಹರಿಯಾಣದ ರೈತರೊಬ್ಬರು ಸಜ್ಜೆಯ ಕಥೆಯೂ ಇದೇ ಎಂದರು. ಬಣ್ಣ ಬಳಿದ ಮಾತಿನಿಂದ ಒಂದು ಪೊಟ್ಟಣ ಹೆಚ್ಚು ಮಾರಬಹುದಿತ್ತೇನೋ, ಇಂಥ ಮಾತುಕತೆ ಹುಟ್ಟುತ್ತಿರಲಿಲ್ಲ.

"ಈ ಊಟ ಎಷ್ಟು ಸಾವಿರ ವರ್ಷ ಹಳೆಯದು?" ಎಂಬ ಪ್ರಶ್ನೆಯೂ ಬರುತ್ತಿತ್ತು. ಜೋಳ ಹಳೆಯದು, ನಿಜ. ಆದರೆ ಅದರ ಜೊತೆ ಕೊಡುವ ಚಟ್ನಿಪುಡಿಯ ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಸಮುದ್ರ ದಾಟಿ ಬಂದವು. ನಮ್ಮ ದಾವಣಗೆರೆಯ ಬೆಣ್ಣೆದೋಸೆಯ ಕಥೆಯೂ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿಯಿಂದ ಶುರುವಾಗುತ್ತದೆಂದು ಊರಿನವರು ಹೇಳುತ್ತಾರೆ. ಬಂದದ್ದನ್ನು ಬರಮಾಡಿಕೊಂಡು ತನ್ನದಾಗಿಸಿಕೊಂಡ ಅಡುಗೆ ನಮ್ಮದು. ಇದನ್ನು ಹೇಳಲು ಸಂಕೋಚ ಯಾಕೆ?

ಉಡುಪು ಮತ್ತು ಉಟ್ಟವರು

ನಮ್ಮ ಪಕ್ಕದಲ್ಲೇ ನ್ಯಾಮತಿ ಕಡೆಯ ತಾಂಡಾದ ಅಕ್ಕ ಒಬ್ಬರು ಲಂಬಾಣಿ ಕಸೂತಿಯ ಚೀಲ, ದಿಂಬಿನ ಹೊದಿಕೆ ಇಟ್ಟುಕೊಂಡು ಕೂತಿದ್ದರು. ಸಂತ ಸೇವಾಲಾಲರ ಜನ್ಮಸ್ಥಳವೆಂದು ದೇಶದ ಬಂಜಾರರೆಲ್ಲ ನಡೆದುಕೊಳ್ಳುವ ಸೂರಗೊಂಡನಕೊಪ್ಪ ಇರುವುದು ಅದೇ ತಾಲ್ಲೂಕಿನಲ್ಲಿ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯ 1,755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿದ್ದು ಗಿನ್ನೆಸ್ ದಾಖಲೆಯಾಗಿತ್ತು. ಅಂಥ ಕೈಗಳ ಕೆಲಸ ಅದು.

ಕನ್ನಡಿ ಕೂರಿಸಿದ ಕಾಂಚಳಿ ತೊಟ್ಟು ಕೂತಿದ್ದ ಆ ಅಕ್ಕನ ಮುಖದ ಮುಂದೆ ಮೊಬೈಲು ಹಿಡಿದು, ಮಾತಿಲ್ಲದೆ ಫೋಟೊ ತೆಗೆದುಕೊಂಡು ಹೋಗುವವರು ಬಹಳ. ಆಗ ನಾವೊಂದು ಕ್ರಮ ಮಾಡಿಕೊಂಡೆವು. ಫೋಟೊ ಬೇಕೆಂದವರು ಮೊದಲು ಕೇಳಬೇಕು, ಕೇಳಿದವರಿಗೆ ಅಕ್ಕ ಕಸೂತಿಯ ಒಂದು ಹೊಲಿಗೆ ತೋರಿಸುತ್ತಾರೆ. ದೊಡ್ಡಕ್ಕನ ಮುಂದೆಯೂ ಇದೇ ಕ್ರಮ. ಅದರಿಂದ ಜನ ಕಡಿಮೆಯಾಗಲಿಲ್ಲ, ನಿಲ್ಲುವ ಹೊತ್ತು ಹೆಚ್ಚಾಯಿತು.

"ನೀವು ದಿನಾ ಹೀಗೇ ಉಡುತ್ತೀರಾ?" ಎಂದು ಕೇಳಿದವರಿಗೆ ಆ ಅಕ್ಕ ನೇರವಾಗಿ ಹೇಳುತ್ತಿದ್ದರು: "ನಮ್ಮವ್ವ ದಿನಾ ಉಡ್ತಿದ್ಲು. ನಾನು ಹಬ್ಬಕ್ಕೆ, ಮದುವೆಗೆ. ಇಲ್ಲಿ ನಮ್ಮ ಕೆಲಸ ತೋರಿಸಾಕೆ ಉಟ್ಟೀನಿ." ಇದಕ್ಕಿಂತ ಒಳ್ಳೆಯ ಉತ್ತರ ಯಾವ ಕೈಪಿಡಿಯಲ್ಲೂ ಇರಲಾರದು. ರಾಜಸ್ಥಾನದ ಮಳಿಗೆಯ ಹೆಣ್ಣುಮಕ್ಕಳು ಆ ಕನ್ನಡಿ ಕೆಲಸ ನೋಡಿ ಮಾತಿಗೆ ಬಂದರು. ಲಂಬಾಣಿ ಮಾತು ರಾಜಸ್ಥಾನಿಗೆ ಹತ್ತಿರದ್ದು. ನನ್ನ ಹಿಂದಿಯ ಹಂಗಿಲ್ಲದೆ ಅವರವರೇ ಸಂಜೆಯವರೆಗೂ ಮಾತಾಡಿಕೊಂಡರು. ಕರ್ನಾಟಕದ ಮಳಿಗೆಯಲ್ಲಿ ಕನ್ನಡ ಒಂದೇ ಇಲ್ಲ ಎಂಬುದು ಗಿರಾಕಿಗಳಿಗೂ ಆ ದಿನ ಗೊತ್ತಾಯಿತು.

ಕಳಿಸುವವರಿಗೆ, ಹೋಗುವವರಿಗೆ

ಹೋಗುವವರಿಗೆ ನಾನು ಹೇಳುವುದು ಇಷ್ಟು. ಬೆಲೆ ಹಾಕುವಾಗ ಹಿಟ್ಟು, ಎಣ್ಣೆ, ಗ್ಯಾಸಿನ ಜೊತೆಗೆ ತಟ್ಟಿದ ಕೈಯ ಕೂಲಿಯನ್ನೂ ಸೇರಿಸಿ. ಮನೆಯಲ್ಲಿ ಪುಕ್ಕಟೆ ಮಾಡುವ ಕೆಲಸವೆಂದು ಮೇಳದಲ್ಲೂ ಪುಕ್ಕಟೆಯಾಗಬಾರದು. ಖಾರ ಕಡಿಮೆ ಕೇಳಿದವರಿಗೆ ಮೊಸರು ಕೊಡಿ, ಚಟ್ನಿಯ ಹದ ಕೆಡಿಸಬೇಡಿ. ಗೊತ್ತಿಲ್ಲದ ಸೀಮೆಯ ಬಗ್ಗೆ ಕೇಳಿದರೆ ಆ ಸೀಮೆಯವರ ಮಳಿಗೆ ತೋರಿಸಿ. ಕೊಡಗಿನ ಕಡುಬಿಗೆ ಕೊಡಗಿನವರೇ ಬಾಯಾಗಲಿ.

ಕಳಿಸುವ ಇಲಾಖೆಗಳಿಗೆ, ಸಂಘಗಳಿಗೆ ಒಂದು ವಿನಂತಿಯಿದೆ. ಏನು ತೋರಿಸಬೇಕೆಂದು ಬೆಂಗಳೂರಿನಲ್ಲಿ ಪಟ್ಟಿ ಮಾಡುವ ಮುಂಚೆ ತಾಲ್ಲೂಕಿನ ಹೆಣ್ಣುಮಕ್ಕಳನ್ನು ಕೇಳಿ. ಮಳಿಗೆಯ ಫಲಕದಲ್ಲಿ ಕರ್ನಾಟಕ ಎಂಬ ದೊಡ್ಡ ಅಕ್ಷರ ಇರಲಿ. ಅದರ ಕೆಳಗೆ ಊರಿನ ಹೆಸರು, ತಾಲ್ಲೂಕಿನ ಹೆಸರು, ರೊಟ್ಟಿ ತಟ್ಟಿದವರ, ಕಸೂತಿ ಹಾಕಿದವರ ಹೆಸರೂ ಬರಲಿ. ತಿಂದವರು, ಕೊಂಡವರು ಅದನ್ನು ಓದಿ ಹೆಸರು ಹಿಡಿದು ಮಾತಾಡಿಸುತ್ತಾರೆ. ಮಾಡಿದವರೂ ತಮ್ಮ ಕೆಲಸದ ಬಗ್ಗೆ ತಾವೇ ಮಾತಾಡುತ್ತಾರೆ. ನಾಡಿನ ಮರ್ಯಾದೆ ಉಳಿಯುವುದು, ಬೆಳೆಯುವುದು ಆ ಮಾತಿನಿಂದಲೇ ಎಂದು ನಾನು ಪೂರಾ ನಂಬಿದ್ದೇನೆ.