ಕಿಟಕಿ ಹಾಕಿದರೂ ಒಳಗೆ ಬರುವ ಹೊಗೆ

ಪ್ರಶ್ನೆ: ಆಗಸ್ಟ್‌ನಲ್ಲಿ ಮಗಳ ಮನೆಗೆ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಹೊರಟಿದ್ದೇವೆ. ಮೂರು ತಿಂಗಳು ಇರುತ್ತೇವೆ. ನಮ್ಮ ಯಜಮಾನರಿಗೆ ಉಬ್ಬಸ. ಆ ಹೊತ್ತಿಗೆ ಅಲ್ಲಿ ಕಾಡ್ಗಿಚ್ಚಿನ ಹೊಗೆ ಬರುತ್ತದಂತೆ. ಕಿಟಕಿ ಬಾಗಿಲು ಹಾಕಿಕೊಂಡು ಒಳಗೆ ಕೂತರೆ ಸಾಕೆ?
ಮೈಸೂರಿನ ಓದುಗರೊಬ್ಬರು

ಉತ್ತರ: ಸಾಲದು. ಕಿಟಕಿ ಹಾಕುವುದು ಮೊದಲ ಕೆಲಸ, ನಿಜ. ಅದೊಂದನ್ನೇ ನಂಬಿ ಕೂತರೆ ಹೊತ್ತು ಕಳೆದಂತೆ ಹೊರಗಿನ ಹೊಗೆಯ ದೊಡ್ಡ ಪಾಲು ಮನೆಯೊಳಗೂ ಸೇರಿರುತ್ತದೆ.

2018ರ ನವೆಂಬರ್‌ನಲ್ಲಿ ನಾನು ಅಮ್ಮನ ಜೊತೆ ಅದೇ ಕ್ಯಾಲಿಫೋರ್ನಿಯಾದ ಸನಿವೇಲ್‌ನ ತಮ್ಮನ ಮನೆಯಲ್ಲಿದ್ದೆ. 8ರ ಬೆಳಿಗ್ಗೆ ಉತ್ತರದಲ್ಲಿ ಹತ್ತಿದ ಬೆಂಕಿ ಪ್ಯಾರಡೈಸ್ ಎಂಬ ಊರನ್ನು ಹೆಚ್ಚುಕಡಿಮೆ ಪೂರಾ ಸುಟ್ಟಿತು. 85 ಜನ ಸತ್ತರು. ನಾವಿದ್ದದ್ದು ಅಲ್ಲಿಂದ 250 ಕಿ.ಮೀ.ಗೂ ಆಚೆ. ಆದರೂ 21ರಂದು ಮಳೆ ಬರುವವರೆಗೆ ಸೂರ್ಯ ಕುಂಕುಮದ ಬೊಟ್ಟಿನ ಹಾಗೆ ಕಾಣುತ್ತಿದ್ದ. ಎಲ್ಲ ಕಿಟಕಿ ಹಾಕಿದ್ದರೂ ಎದ್ದ ಕೂಡಲೇ ಗಂಟಲು ಕೆರೆಯುತ್ತಿತ್ತು. ಒಂದು ದಿನ ಅಮ್ಮ, ಮನೆಯ ಸುಟ್ಟ ವಾಸನೆ ಹೋಗಲಿ ಎಂದು ಎರಡು ಊದುಬತ್ತಿ ಹಚ್ಚಿದರು. ತಮ್ಮನ ಮೇಜಿನ ಮೇಲಿದ್ದ, ಗಾಳಿಯ ಹೊಗೆ ಅಳೆಯುವ ಅಂಗೈಯಗಲದ ಮೀಟರಿನಲ್ಲಿ ಅಂಕಿ ನೋಡನೋಡುತ್ತ ಏರಿತು. ಅಮ್ಮನೇ ಓಡಿಹೋಗಿ ಅವನ್ನು ನೀರಿಗೆ ಅದ್ದಿದರು.

ಹೊಗೆಯಲ್ಲಿ ನಮಗೆ ಹೆಚ್ಚು ಕೇಡು ಮಾಡುವುದು 2.5 ಮೈಕ್ರಾನ್‌ಗಿಂತ ಸಣ್ಣ ಕಣ. ತಲೆಗೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲೂ ಇಲ್ಲ. ಬಾಗಿಲಿನ ಸಂದು, ಕಿಟಕಿಯ ಚೌಕಟ್ಟು ಅದಕ್ಕೆ ರಾಜಬೀದಿ. ಜೊತೆಗೆ ಅಡುಗೆಮನೆಯ ಚಿಮಣಿಯೋ ಬಚ್ಚಲಿನ ಫ್ಯಾನೋ ಓಡುತ್ತಿದ್ದರೆ, ಅದು ಆಚೆ ನೂಕಿದಷ್ಟೇ ಗಾಳಿ ಈ ಸಂದುಗಳಿಂದ ಒಳಕ್ಕೆ ಬರುತ್ತದೆ. ಆದ್ದರಿಂದ ಒಳಗೆ ಬಂದ ಗಾಳಿಯನ್ನು ಮತ್ತೆ ಮತ್ತೆ ಸೋಸುವುದೇ ದಾರಿ.

ಇಡೀ ಮನೆಯನ್ನು ಸೋಸಲು ಹೋಗಬೇಡಿ. ಯಜಮಾನರು ಮಲಗುವ ಕೋಣೆಯೊಂದನ್ನು ಆರಿಸಿಕೊಳ್ಳಿ. ಬಾಗಿಲಿನ ಕೆಳಗೆ ಟವೆಲ್ ಸುತ್ತಿಡಿ, ಒಳಗೆ ಹೆಪಾ ಫಿಲ್ಟರಿನ ಏರ್ ಪ್ಯೂರಿಫೈಯರ್ ಹಗಲೂ ರಾತ್ರಿ ಓಡಲಿ. ಕೊಳ್ಳುವಾಗ ಡಬ್ಬದ ಮೇಲೆ ‘ಸಿಎಡಿಆರ್’ ಎಂಬ ಅಂಕಿ ನೋಡಿ: ಅದು ನಿಮಿಷಕ್ಕೆ ಎಷ್ಟು ಘನ ಅಡಿ ಶುದ್ಧ ಗಾಳಿ ಕೊಡುತ್ತದೆ ಎಂಬ ಲೆಕ್ಕ. ಕಾಡ್ಗಿಚ್ಚಿನ ಹೊಗೆಗೆ ಆ ಅಂಕಿ ಕೋಣೆಯ ಚದರಡಿಯಷ್ಟಾದರೂ ಇರಬೇಕು. 12ಕ್ಕೆ 15 ಅಡಿಯ ಕೋಣೆಯಾದರೆ 180. ಮನೆಗೆಲ್ಲ ಒಂದೇ ಹೀಟರ್ ಅಥವಾ ಎಸಿ ಇದ್ದರೆ, ಅದಕ್ಕೆ ಹೊಂದುವುದಾದರೆ ‘ಮರ್ವ್ 13’ ದರ್ಜೆಯ ಫಿಲ್ಟರ್ ಹಾಕಿಸಿ, ಫ್ಯಾನನ್ನು ‘ಆಟೊ’ದಿಂದ ‘ಆನ್’ಗೆ ತಿರುಗಿಸಲು ಹೇಳಿ. ಓಝೋನ್ ಬಿಡುವ ಯಂತ್ರ ಎಷ್ಟೇ ಅಗ್ಗವಾದರೂ ಬೇಡ. ಉಬ್ಬಸದವರಿಗೆ ಅದೇ ಇನ್ನೊಂದು ವಿಷ.

ದುಡ್ಡು ಹೆಚ್ಚೆನಿಸಿದರೆ ಕೈಯಲ್ಲೇ ಮಾಡಿಕೊಳ್ಳುವ ಪೆಟ್ಟಿಗೆಯಿದೆ. 2020ರಲ್ಲಿ ರಿಚರ್ಡ್ ಕೋರ್ಸಿ, ಜಿಮ್ ರೋಸೆಂಥಾಲ್ ಎಂಬಿಬ್ಬರು ಅದನ್ನು ರೂಪಿಸಿ ಬಳಕೆಗೆ ತಂದರು. 20 ಇಂಚಿನ ನಾಲ್ಕು ಮರ್ವ್ 13 ಫಿಲ್ಟರ್‌ಗಳನ್ನು ನಾಲ್ಕು ಗೋಡೆಯಂತೆ ನಿಲ್ಲಿಸಿ, ತಳಕ್ಕೆ ರಟ್ಟು, ಮೇಲೆ ಚೌಕದ ಫ್ಯಾನ್, ಸುತ್ತ ಟೇಪು. ಫಿಲ್ಟರಿನ ಬಾಣದ ಗುರುತು ಒಳಮುಖ, ಫ್ಯಾನಿನ ಗಾಳಿ ಮೇಲ್ಮುಖ. ಆಮೇಲೊಂದು ಹೊಗೆಯ ಕಾಲದಲ್ಲಿ ತಮ್ಮ ಒಂದನ್ನು ಕಟ್ಟಿದ. ಹಾಲಿನಂತಿದ್ದ ಫಿಲ್ಟರ್ ಎರಡು ವಾರಕ್ಕೆ ಹಂಡೆ ಒಲೆಯ ಹಿಂದಿನ ಗೋಡೆಯ ಬಣ್ಣಕ್ಕೆ ತಿರುಗಿತ್ತು. ಅಷ್ಟೂ ನಮ್ಮ ಎದೆಗೂಡಿಗೆ ಇಳಿಯಬೇಕಿದ್ದ ಮಸಿ ಎಂದುಕೊಂಡು ನಾನು ಅದನ್ನೇ ನೋಡುತ್ತ ಕೂತಿದ್ದೆ.

ಇನ್ನು ಅಡುಗೆ. ಹೊಗೆಯ ದಿನ ಬಾಣಲೆ ಇಡಬೇಡಿ; ಒಗ್ಗರಣೆ, ಕರಿಯುವುದು, ಹುರಿಯುವುದು ಎಲ್ಲ ಕೂಡಿಕೊಂಡು ಇದೇ ಸಣ್ಣ ಕಣವನ್ನು ಮನೆಯೊಳಗೇ ಹುಟ್ಟಿಸುತ್ತವೆ. ಇಡ್ಲಿ, ಕಡುಬು, ಮೊಸರನ್ನ ಸಾಕು. ದೇವರಿಗೆ ಹೂವು ಮುಡಿಸಿ. ಧೂಪ, ಕರ್ಪೂರ, ಊದುಬತ್ತಿ ಆಕಾಶ ತಿಳಿಯಾದ ಮೇಲೆ. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಕುಂಡದ ಗಿಡಗಳಿಂದ ಇದಕ್ಕೆ ಉಪಯೋಗವಿಲ್ಲ. ಮೂಗಿಗೆ ಒದ್ದೆ ಕರವಸ್ತ್ರ ಕಟ್ಟಿದರೂ ಅಷ್ಟೆ. ಹೊರಗೆ ಹೋಗಲೇಬೇಕಾದರೆ ಎನ್95 ಮಾಸ್ಕ್. ಯಜಮಾನರಿಗೆ ಗಡ್ಡವಿದ್ದರೆ ಅದು ಮುಖಕ್ಕೆ ಕೂರುವುದಿಲ್ಲ.

ಒಂದು ಎಚ್ಚರ ಮಾತ್ರ ಮರೆಯಬೇಡಿ. ಅಲ್ಲಿ ಎಸಿ ಇಲ್ಲದ ಮನೆಗಳು ಬೇಕಾದಷ್ಟಿವೆ. ಸೆಕೆಯ ದಿನ ಎಲ್ಲ ಮುಚ್ಚಿಕೊಂಡು ಕೂತರೆ ವಯಸ್ಸಾದವರಿಗೆ ಹೊಗೆಗಿಂತ ಬಿಸಿಯೇ ಬೇಗ ತಟ್ಟುತ್ತದೆ. ಮೈ ಬೆವರಿ ತಲೆ ಸುತ್ತುವವರೆಗೆ ಕಾಯದೆ ಎಸಿ ಇರುವ ಲೈಬ್ರರಿಗೋ ನೆಂಟರ ಮನೆಗೋ ಹೋಗಿಬಿಡಿ. ಕಾರಿನಲ್ಲಿ ಒಳಗಾಳಿಯೇ ಸುತ್ತುವ ಗುಂಡಿ ಒತ್ತಿರಲಿ. ಏರ್‌ನೌ ಎಂಬ ಸರ್ಕಾರಿ ತಾಣದ ಹೊಗೆ ನಕ್ಷೆಯನ್ನು ದಿನಕ್ಕೆ ನಾಲ್ಕು ಸಲ ನೋಡಿ. ಗಾಳಿ ಗುಣಮಟ್ಟದ ಸೂಚ್ಯಂಕ 150 ದಾಟಿದರೆ ಕೆಂಪು, 200 ದಾಟಿದರೆ ನೇರಳೆ. ಕೊಲ್ಲಿಯ ಗಾಳಿ ಬೀಸಿ ಬಣ್ಣ ಹಸಿರಾದ ಹೊತ್ತಿಗೆ ಎಲ್ಲ ಕಿಟಕಿ ತೆರೆದು ಮನೆಗೆ ಉಸಿರಾಡಲು ಬಿಡಿ.

ಹೊರಡುವ ಮುಂಚೆ ಇಲ್ಲಿನ ಡಾಕ್ಟರ ಹತ್ತಿರ, ಉಬ್ಬಸ ಏರಿದರೆ ಯಾವ ಮದ್ದು ಎಷ್ಟು ಎಂದು ಬರೆಸಿಕೊಳ್ಳಿ. ಇನ್ಹೇಲರ್‌ಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಫಿಲ್ಟರ್, ಮಾಸ್ಕ್ ಈಗಲೇ ತಂದಿಡಲು ಮಗಳಿಗೆ ಇವತ್ತೇ ಫೋನ್ ಮಾಡಿ. 2018ರ ಆ ವಾರ ನಾನೂ ತಮ್ಮನೂ ಮಾಸ್ಕಿಗಾಗಿ ನಾಲ್ಕು ಅಂಗಡಿ ಅಲೆದು ಬರಿಗೈಯಲ್ಲಿ ಮನೆಗೆ ಬಂದಿದ್ದೆವು.