ಮಂಗಳೂರಿನ ಹಿಂದೆ ಅಡಗಿದ ಬೆಂಗಳೂರು

ಶಾಲೆಯಲ್ಲಿ ಗುಂಪು ಫೋಟೋ ತೆಗೆಸಿಕೊಂಡದ್ದು ನೆನಪಿದೆಯೇ? ಎತ್ತರದವರನ್ನು ಹಿಂದಿನ ಸಾಲಿಗೆ ಕಳುಹಿಸಿ, ಗಿಡ್ಡವರನ್ನು ಮುಂದೆ ಕೂರಿಸುತ್ತಾರೆ. ಇಲ್ಲದಿದ್ದರೆ ಕೆಲವರ ಕೂದಲು ಮಾತ್ರ ಫೋಟೋದಲ್ಲಿ ಬರುತ್ತದೆ. ಅಂಕಿಗಳ ಫೋಟೋ ತೆಗೆಯುವಾಗಲೂ ಇದೇ ತೊಂದರೆ ಇದೆ. ಒಮ್ಮೆ ನಾನು ಒಂದು ವಿಜ್ಞಾನ ಮೇಳಕ್ಕಾಗಿ ಮೂರು ಊರುಗಳ ಮಳೆಯ ಸ್ತಂಭಾಲೇಖವನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದಲ್ಲಿ ತಯಾರಿಸಿ ತೂಗುಹಾಕಿದ್ದೆ. ನೋಡಲು ಬಹಳ ಚೆನ್ನಾಗಿತ್ತು. ಆರನೆಯ ತರಗತಿಯ ಹುಡುಗಿಯೊಬ್ಬಳು ಬಂದು ಕೇಳಿದಳು: "ಸಾರ್, ಬೆಂಗಳೂರಲ್ಲಿ ಮಳೆಯೇ ಬರಲ್ವಾ?"

ಚಿತ್ರದಲ್ಲಿ ಬೆಂಗಳೂರು ಇತ್ತು. ಆದರೆ ಮಂಗಳೂರಿನ ಹಿಂದೆ ಪೂರ್ತಿ ಅಡಗಿಹೋಗಿತ್ತು!

ಆ ಚಿತ್ರವನ್ನು ನೀವೂ ಮಾಡಿ ನೋಡಿ. ಕಂಪ್ಯೂಟರ್ ಬೇಡ. ಹಳೆಯ ಲಗ್ನಪತ್ರಿಕೆಗಳು, ಕತ್ತರಿ, ಅಳತೆಪಟ್ಟಿ, ರಟ್ಟಿನ ಪೆಟ್ಟಿಗೆಯ ಮುಚ್ಚಳ ಮತ್ತು ಅದರ ತುಂಬ ಹದವಾಗಿ ಕಲಸಿದ ಜೇಡಿಮಣ್ಣು ಇದ್ದರೆ ಸಾಕು.

ಬೇಕಾದ ಅಂಕಿಗಳು ಇಲ್ಲಿವೆ. ಇವು ಹಲವು ವರ್ಷಗಳ ಸರಾಸರಿ ಮಳೆ, ಸೆಂಟಿಮೀಟರಿನಲ್ಲಿ. ಲೆಕ್ಕ ಸುಲಭವಾಗಲೆಂದು ಹತ್ತಿರದ ಪೂರ್ಣ ಅಂಕಿಗಳಿಗೆ ತಂದಿದ್ದೇನೆ.

ಮಂಗಳೂರು: ಜುಲೈ 110, ಆಗಸ್ಟ್ 80, ಸೆಪ್ಟೆಂಬರ್ 30, ಅಕ್ಟೋಬರ್ 20, ನವೆಂಬರ್ 7.
ಬೆಂಗಳೂರು: ಜುಲೈ 11, ಆಗಸ್ಟ್ 15, ಸೆಪ್ಟೆಂಬರ್ 21, ಅಕ್ಟೋಬರ್ 17, ನವೆಂಬರ್ 5.
ಚೆನ್ನೈ: ಜುಲೈ 10, ಆಗಸ್ಟ್ 14, ಸೆಪ್ಟೆಂಬರ್ 14, ಅಕ್ಟೋಬರ್ 28, ನವೆಂಬರ್ 38.

ಒಟ್ಟು ಹದಿನೈದು ಅಂಕಿ, ಹದಿನೈದು ಕಾಗದದ ಪಟ್ಟಿ. ಪ್ರತಿ ಪಟ್ಟಿಯ ಅಗಲ ಎರಡೂವರೆ ಸೆಂ.ಮೀ. ಇರಲಿ. 10 ಸೆಂ.ಮೀ. ಮಳೆಗೆ 1 ಸೆಂ.ಮೀ. ಎತ್ತರ. ಹಾಗಾದರೆ ಮಂಗಳೂರಿನ ಜುಲೈ ಪಟ್ಟಿ 11 ಸೆಂ.ಮೀ., ಬೆಂಗಳೂರಿನ ನವೆಂಬರ್ ಪಟ್ಟಿ ಬರೀ ಅರ್ಧ ಸೆಂ.ಮೀ. ಮಣ್ಣಿನೊಳಗೆ ಹೂಳಲು ಪ್ರತಿಯೊಂದಕ್ಕೂ 2 ಸೆಂ.ಮೀ. ಹೆಚ್ಚು ಬಿಟ್ಟು ಕತ್ತರಿಸಿ. ಮಂಗಳೂರಿಗೆ ಹಸಿರು, ಬೆಂಗಳೂರಿಗೆ ಕೆಂಪು, ಚೆನ್ನೈಗೆ ನೀಲಿ ಬಣ್ಣ ಬಳಿಯಿರಿ. ಎರಡೂ ಬದಿಗೆ ಬಳಿಯಬೇಕು, ಏಕೆಂದು ಆಮೇಲೆ ತಿಳಿಯುತ್ತದೆ.

ಈಗ ನೆಡುವ ಕೆಲಸ. ನಿಮ್ಮ ಹತ್ತಿರದ ಸಾಲಿನಲ್ಲಿ ಮಂಗಳೂರು, ನಡುವೆ ಬೆಂಗಳೂರು, ಹಿಂದೆ ಚೆನ್ನೈ. ಎಡದಿಂದ ಬಲಕ್ಕೆ ಜುಲೈನಿಂದ ನವೆಂಬರ್. ಎಲ್ಲ ಪಟ್ಟಿಗಳ ಮುಖ ನಿಮ್ಮ ಕಡೆಗಿರಲಿ. ಪಟ್ಟಿಯಿಂದ ಪಟ್ಟಿಗೆ, ಸಾಲಿನಿಂದ ಸಾಲಿಗೆ 3 ಸೆಂ.ಮೀ. ದೂರ ಇರಬೇಕು. ಇಲ್ಲಿ ಒಂದೊಂದು ಊರಿನದು ಒಂದೊಂದು ಸಾಲಾಯಿತು. ಹೀಗೆ ಒಂದು ಗುಂಪಿಗೆ ಸೇರಿದ ಅಂಕಿಗಳ ಸಾಲನ್ನು ದತ್ತಾಂಶ ಸರಣಿ ಎನ್ನುತ್ತಾರೆ.

ಮುಚ್ಚಳವನ್ನು ಮೇಜಿನ ಮೇಲಿಟ್ಟು, ಕಣ್ಣು ಮಣ್ಣಿನ ಮಟ್ಟಕ್ಕೆ ಬರುವಂತೆ ಕುಳಿತು, ಒಂದು ಕಣ್ಣು ಮುಚ್ಚಿ ನೋಡಿ. ಕೆಂಪು ಬಣ್ಣ ಎಲ್ಲಿ? ಅಂಕಿಗಳನ್ನು ಮತ್ತೆ ಓದಿ. ಐದು ತಿಂಗಳಲ್ಲಿ ಒಂದರಲ್ಲೂ ಬೆಂಗಳೂರಿನ ಮಳೆ ಮಂಗಳೂರಿನದನ್ನು ಮೀರುವುದಿಲ್ಲ. ಆದ್ದರಿಂದಲೇ ಒಂದು ಪಟ್ಟಿಯೂ ಕಾಣದು. ಚೆನ್ನೈನ ಅಕ್ಟೋಬರ್ ಸ್ವಲ್ಪ ಇಣುಕುತ್ತದೆ, ನವೆಂಬರ್ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಎದ್ದು ಮೇಜಿನ ಆ ಬದಿಗೆ ಹೋಗಿ ನೋಡಿ. ಈಗ ಚೆನ್ನೈ ಮುಂದೆ ಬಂತು. ಬೆಂಗಳೂರಿನ ಸೆಪ್ಟೆಂಬರ್ ತಲೆ ಎತ್ತಿತು. ಆದರೆ ಮಂಗಳೂರಿನ ಅಕ್ಟೋಬರ್, ನವೆಂಬರ್ ಎರಡೂ ಮಾಯ! ತಿಂಗಳುಗಳೂ ಹಿಂದುಮುಂದಾಗಿ ನವೆಂಬರಿನಿಂದ ಜುಲೈಗೆ ಸಾಗುತ್ತಿವೆ. ಸಾಲುಗಳ ಕ್ರಮ ಬದಲಾದರೆ ಅಡಗುವವರು ಬದಲಾಗುತ್ತಾರೆ, ಅಡಗುವುದು ನಿಲ್ಲುವುದಿಲ್ಲ. ಬೆಂಗಳೂರನ್ನೇ ಎಲ್ಲಕ್ಕಿಂತ ಮುಂದೆ ನೆಟ್ಟರೆ ಯಾರು ಯಾರು ಅಡಗುತ್ತಾರೆ? ಅಂಕಿಗಳನ್ನು ನೋಡಿಯೇ ಹೇಳಬಲ್ಲಿರಾ?

ಈಗ ಸ್ವಾರಸ್ಯದ ಭಾಗ. ಯಾವ ಪಟ್ಟಿಯನ್ನೂ ಕೀಳಬೇಡಿ. ಪ್ರತಿಯೊಂದನ್ನೂ ಇದ್ದಲ್ಲಿಯೇ ಕಾಲು ಸುತ್ತು ತಿರುಗಿಸಿ. ಮೊದಲು ಕುಳಿತಿದ್ದ ಜಾಗಕ್ಕೆ ಹಿಂದಿರುಗಿ, ಅಲ್ಲಿಂದ ನಿಮ್ಮ ಬಲಗಡೆಗೆ, ಅಂದರೆ ನವೆಂಬರ್ ಇರುವ ಬದಿಗೆ ಹೋಗಿ ಕುಳಿತುಕೊಳ್ಳಿ.

ಹದಿನೈದು ಪಟ್ಟಿಗಳೂ ಅದೇ ಜಾಗದಲ್ಲಿವೆ, ಎತ್ತರವೂ ಅದೇ. ಆದರೆ ಸಾಲುಗಳು ಈಗ ಊರಿನವಲ್ಲ, ತಿಂಗಳಿನವು! ಮೂರು ಸರಣಿಗಳಿದ್ದದ್ದು ಐದಾದವು. ಮುಂದಿನ ಸಾಲು ನವೆಂಬರ್, ಕೊನೆಯದು ಜುಲೈ. ಪ್ರತಿ ಸಾಲಿನಲ್ಲೂ ಎಡಕ್ಕೆ ಮಂಗಳೂರು, ನಡುವೆ ಬೆಂಗಳೂರು, ಬಲಕ್ಕೆ ಚೆನ್ನೈ. ಭೂಪಟ ತೆಗೆದು ನೋಡಿ. ಮೂರೂ ಊರುಗಳು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಇದೇ ಕ್ರಮದಲ್ಲಿವೆ. ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ಗೆರೆ ಎಳೆದು, ಆ ಗೆರೆಯ ಮೇಲೆ ಬಿದ್ದ ಮಳೆಯನ್ನು ನಿಲ್ಲಿಸಿದ ಹಾಗಾಯಿತು.

ನವೆಂಬರ್ ಸಾಲನ್ನು ಗಮನಿಸಿ: 7, 5, 38. ಬಲಗಡೆ ಎತ್ತರ. ನೋಡಿಯಾದ ಮೇಲೆ ಆ ಸಾಲನ್ನು ಕಿತ್ತು ತೆಗೆಯಿರಿ. ಅಕ್ಟೋಬರ್: 20, 17, 28. ಇನ್ನೂ ಬಲಗಡೆಯೇ ಎತ್ತರ, ಆದರೆ ಸ್ವಲ್ಪ. ಅದನ್ನೂ ತೆಗೆಯಿರಿ. ಸೆಪ್ಟೆಂಬರ್: 30, 21, 14. ಈಗ ಎಡಗಡೆ ಎತ್ತರ! ಆಗಸ್ಟ್, ಜುಲೈಗಳಲ್ಲಂತೂ ಎಡಗಡೆ ಗೋಡೆಯಂತೆ ಎದ್ದಿದೆ. ಬಾವಿಯ ಏತ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲಿದಂತೆ ಮಳೆ ವಾಲುತ್ತದೆ. ವಾಲುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ನಡುವೆ.

ಇದಕ್ಕೆ ಕಾರಣ ನಿಮ್ಮ ಸಮಾಜ ವಿಜ್ಞಾನ ಪಾಠದಲ್ಲಿದೆ. ಮುಂಗಾರಿನ ನೈಋತ್ಯ ಮಾರುತಗಳು ಅರಬ್ಬಿ ಸಮುದ್ರದಿಂದ ಬಂದು ಪಶ್ಚಿಮ ಘಟ್ಟಕ್ಕೆ ತಡೆದು ಕರಾವಳಿಯಲ್ಲಿ ಮಳೆ ಸುರಿಸುತ್ತವೆ. ಘಟ್ಟ ದಾಟಿದ ಮೇಲೆ ಅವುಗಳಲ್ಲಿ ತೇವ ಕಡಿಮೆ. ಹಿಂಗಾರಿನಲ್ಲಿ ಗಾಳಿ ಈಶಾನ್ಯದಿಂದ ಬೀಸುತ್ತದೆ, ಬಂಗಾಳ ಕೊಲ್ಲಿಯ ತೇವ ಚೆನ್ನೈಗೆ ಸಿಗುತ್ತದೆ. ಚೆನ್ನೈನ ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳುವುದು ಅಕ್ಟೋಬರಿನಿಂದ ಡಿಸೆಂಬರ್ ಒಳಗೆ. 2015ರ ನವೆಂಬರ್ ಒಂದರಲ್ಲೇ ಅಲ್ಲಿ 100 ಸೆಂ.ಮೀ.ಗಿಂತ ಹೆಚ್ಚು ಮಳೆಯಾಯಿತು. ನಮ್ಮ ಮಾದರಿಯಲ್ಲಿ ಅದಕ್ಕೆ 10 ಸೆಂ.ಮೀ. ದಾಟಿದ ಪಟ್ಟಿ ಬೇಕಾಗುತ್ತಿತ್ತು. ಡಿಸೆಂಬರ್ ಆರಂಭದ ಮಳೆಯೂ ಸೇರಿ ನಗರದ ಬಹುಭಾಗ ನೀರಿನಲ್ಲಿ ನಿಂತಿತು. ಜುಲೈ ಪಟ್ಟಿಗಳನ್ನಷ್ಟೇ ನೋಡಿದವರು ಚೆನ್ನೈಗೆ ನೆರೆಯ ಭಯವಿಲ್ಲ ಎಂದುಕೊಂಡಾರು.

ಹಾಗಾದರೆ ಮೊದಲಿನ ಜೋಡಣೆ ತಪ್ಪೇ? ತಪ್ಪಲ್ಲ. "ಬೆಂಗಳೂರಿನಲ್ಲಿ ಯಾವ ತಿಂಗಳು ಹೆಚ್ಚು ಮಳೆ?" ಎಂಬ ಪ್ರಶ್ನೆಗೆ ಊರಿನ ಸಾಲು ಬೇಕು. "ಅಕ್ಟೋಬರಿನಲ್ಲಿ ಯಾವ ಊರಿಗೆ ಹೆಚ್ಚು ಮಳೆ?" ಎನ್ನುವುದಾದರೆ ತಿಂಗಳಿನ ಸಾಲು ಬೇಕು. ಪ್ರಶ್ನೆ ಯಾವುದೆಂದು ತಿಳಿಯದೆ ಸಾಲು ಹಾಕುವುದೇ ತಪ್ಪು. ನಾನು ಮೇಳದಲ್ಲಿ ಮಾಡಿದ್ದು ಅದನ್ನೇ.

ಮೂರನೆಯ ದಿಕ್ಕೂ ಇರಬಹುದು! ಇಟಲಿಯ ಲುಯಿಜಿ ಪೆರೋಜ್ಜೊ ಎಂಬಾತ ಸ್ವೀಡನ್ ದೇಶದ 1750ರಿಂದ 1875ರವರೆಗಿನ ಜನಗಣತಿಯ ಅಂಕಿಗಳಿಂದ ಗುಡ್ಡದಂಥ ಒಂದು ಮೂರು ಆಯಾಮದ ಚಿತ್ರ ಬರೆದು 1880ರಲ್ಲಿ ಪ್ರಕಟಿಸಿದ. ಅದರಲ್ಲಿ ಒಂದು ದಿಕ್ಕಿಗೆ ವರ್ಷದ ಗೆರೆಗಳು, ಇನ್ನೊಂದು ದಿಕ್ಕಿಗೆ ವಯಸ್ಸಿನ ಗೆರೆಗಳು. ಓರೆಯಾಗಿ ಇಳಿಯುವ ಗೆರೆಗಳನ್ನು ಹಿಡಿದರೆ, ಒಂದೇ ಕಾಲದಲ್ಲಿ ಹುಟ್ಟಿದವರ ಸಂಖ್ಯೆ ವಯಸ್ಸಾದಂತೆ ಹೇಗೆ ಕರಗಿತೆಂದು ಕಾಣುತ್ತದೆ.

ನಿಮ್ಮ ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ, ಸ್ಪ್ರೆಡ್‌ಶೀಟಿನಲ್ಲಿ ಇವೇ ಅಂಕಿಗಳನ್ನು ತುಂಬಿ ಮೂರು ಆಯಾಮದ ಸ್ತಂಭಾಲೇಖ ಬರೆಸಿ. ಅಡ್ಡಸಾಲು, ಕಂಬಸಾಲುಗಳನ್ನು ಅದಲುಬದಲು ಮಾಡುವ ಆಯ್ಕೆ ಅಲ್ಲಿರುತ್ತದೆ. ನೀವು ಪಟ್ಟಿಗಳಿಗೆ ಕೊಟ್ಟ ಕಾಲು ಸುತ್ತು ಅದೇ. ಚಿತ್ರವನ್ನು ತಿರುಗಿಸಬಹುದು, ಸಾಲುಗಳ ಕ್ರಮ ಹಿಂದುಮುಂದು ಮಾಡಬಹುದು. ಆದರೆ ಹಿಂದಿರುವ ಸ್ತಂಭ ದೂರದಲ್ಲಿರುವಂತೆ ತೋರಿ ಎತ್ತರ ಅಳೆಯುವಾಗ ಕಣ್ಣಿಗೆ ಮೋಸವಾಗುತ್ತದೆ. ಆದ್ದರಿಂದ ಸ್ತಂಭದ ಮೇಲೆ ಅಂಕಿ ಬರೆಯುವುದು ಒಳ್ಳೆಯದು. ಎಷ್ಟು ತಿರುಗಿಸಿದರೂ ಯಾರೋ ಒಬ್ಬರು ಅಡಗುವಂತಿದ್ದರೆ ಸಾದಾ ಸ್ತಂಭಾಲೇಖವೇ ವಾಸಿ ಎಂದು ನನ್ನ ಅಭಿಪ್ರಾಯ.

ಮುಂದಿನ ವಾರ ಇನ್ನೊಂದು ಮುಚ್ಚಳ ತನ್ನಿ. ಶಿಕ್ಷಕರನ್ನು ಕೇಳಿ ನಿಮ್ಮ ಶಾಲೆಯ ಹಾಜರಿ ಪುಸ್ತಕಗಳಿಂದ 5, 6 ಮತ್ತು 7ನೆಯ ತರಗತಿಗಳ ತಿಂಗಳುವಾರು ಸರಾಸರಿ ಹಾಜರಿ ಬರೆದುಕೊಳ್ಳಿ. ಮೊದಲು ತರಗತಿಯ ಸಾಲಿನಲ್ಲಿ ನೆಟ್ಟು ನೋಡಿ, ಆಮೇಲೆ ಕಾಲು ಸುತ್ತು ತಿರುಗಿಸಿ ತಿಂಗಳಿನ ಸಾಲಿನಲ್ಲಿ ನೋಡಿ. ಯಾವ ತಿಂಗಳಲ್ಲಿ ಮೂರೂ ಪಟ್ಟಿಗಳು ಗಿಡ್ಡವಾಗಿವೆ? ಆಗ ಊರಿನಲ್ಲಿ ಸುಗ್ಗಿ ಇತ್ತೇ, ಜಾತ್ರೆ ಇತ್ತೇ, ಜ್ವರ ಹರಡಿತ್ತೇ? ಮನೆಯಲ್ಲಿ ಹಿರಿಯರನ್ನು ವಿಚಾರಿಸಿ ಆ ತಿಂಗಳಿನ ಎದುರು ಬರೆದಿಡಿ.