ಅನ್ನಾ ಸತ್ತಳು, ಜೇನ್ ಬದುಕಿದಳು

ಪ್ರಶ್ನೆ: ನಾನು ಅಂತಿಮ ಬಿ.ಎ. ವಿದ್ಯಾರ್ಥಿನಿ. ‘ಅನ್ನಾ ಕರೆನಿನಾ’ ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ‘ಮದಾಂ ಬೊವಾರಿ’ಯ ಎಮ್ಮಾ ಕೂಡ ವಿಷ ತಿಂದು ಸಾಯುತ್ತಾಳೆ. ಕಟ್ಟು ಮೀರಿದ ಹೆಣ್ಣಿಗೆ ಸಾವೇ ಗತಿಯೇ? ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿದೆ. ನನಗೆ ಎಂ.ಎ. ಓದುವ ಆಸೆ, ಹೇಳಲು ಭಯ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬಂಡೆದ್ದವರಿಗೆಲ್ಲ ಸಾವು ಕಾದಿದೆಯೇನೋ ಎಂಬುದು ನಿಮ್ಮ ಆತಂಕ. ಸ್ವಂತ ಬದುಕಿನ ತೀರ್ಮಾನವೊಂದು ಎದುರಿಗಿರುವಾಗ ಇಂಥ ಕಾದಂಬರಿ ಓದಿದರೆ ಯಾರಿಗಾದರೂ ನಿದ್ದೆ ಕೆಡುತ್ತದೆ. ನಿಮ್ಮ ಭಯಕ್ಕೆ ಕಾರಣವಿದೆ.

ಒಮ್ಮೆ ಕಾದಂಬರಿಯ ಮೊದಲ ಪುಟಗಳಿಗೆ ಮರಳಿ. ಅಲ್ಲಿ ತಪ್ಪಿ ನಡೆದವನು ಅನ್ನಾಳ ಅಣ್ಣ ಸ್ತೀವಾ. ಗವರ್ನೆಸ್ (ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುವವಳು) ಜೊತೆಗಿನ ಅವನ ಸಂಬಂಧ ಬಯಲಾಗಿದೆ. ಗಂಡ ಹೆಂಡಿರನ್ನು ರಾಜಿ ಮಾಡಿಸಲೆಂದೇ ಅನ್ನಾ ಮಾಸ್ಕೋಗೆ ಬರುತ್ತಾಳೆ. ಸ್ತೀವಾನ ನೌಕರಿ ಉಳಿಯಿತು, ಗೆಳೆಯರೂ ಉಳಿದರು. ಮುಂದೆ ಅದೇ ತಪ್ಪು ತಂಗಿಯದಾದಾಗ ಒಪೆರಾದಲ್ಲಿ (ಸಂಗೀತ ನಾಟಕ) ತುಂಬಿದ ಜನರೆದುರು ಅವಳಿಗೆ ಅವಮಾನವಾಗುತ್ತದೆ. ಹೆತ್ತ ಮಗನನ್ನು ನೋಡಲು ಕದ್ದು ಹೋಗಬೇಕಾಗುತ್ತದೆ. ಪ್ರಿಯಕರ ವ್ರೋನ್‌ಸ್ಕಿಗೆ ಮಾತ್ರ ಎಲ್ಲರ ಮನೆಯ ಬಾಗಿಲೂ ತೆರೆದೇ ಇರುತ್ತದೆ. ಇಷ್ಟನ್ನೂ ಬಿಡಿಸಿ ಬಿಡಿಸಿ ತೋರಿಸಿದ ಟಾಲ್‌ಸ್ಟಾಯ್ ಅನ್ನಾಳನ್ನು ಬರೀ ಶಿಕ್ಷಿಸಿದರು ಎಂದು ಒಪ್ಪಲು ನನಗಾಗದು. ಅವಳನ್ನು ಒಂಟಿ ಮಾಡಿದವರ ಹೆಸರುಗಳೆಲ್ಲ ಆ ಪುಟಗಳಲ್ಲಿವೆ.

ಎಮ್ಮಾಳ ಸಾವಿನಲ್ಲಿ ಪ್ರೇಮಕ್ಕಿಂತ ಜವಳಿ ವ್ಯಾಪಾರಿಯ ಸಾಲಪತ್ರಗಳ ಪಾಲು ದೊಡ್ಡದು. ಅದನ್ನೂ ಗಮನಿಸಿ.

ಈಗ ‘ಜೇನ್ ಐರ್’ (1847) ಓದಿ. ತಾನು ಮದುವೆಯಾಗಲಿದ್ದ ರಾಚೆಸ್ಟರನಿಗೆ ಹೆಂಡತಿ ಇದ್ದಾಳೆಂದು ತಿಳಿದ ಮೇಲೆ ಜೇನ್ ಬೆಳಗಾಗುವ ಮೊದಲೇ ಅವನ ಮನೆ ಬಿಡುತ್ತಾಳೆ. ಕೈಯಲ್ಲಿ 20 ಷಿಲಿಂಗ್ (ಅಂದಿನ ಇಂಗ್ಲೆಂಡಿನ ನಾಣ್ಯ). ಅದೂ ಗಾಡಿಯ ಬಾಡಿಗೆಗೆ ಹೋಗುತ್ತದೆ. ಬಯಲಲ್ಲಿ ಮಲಗುತ್ತಾಳೆ, ಹಂದಿಗೆ ಸುರಿಯಲಿದ್ದ ತಣ್ಣನೆಯ ಗಂಜಿ ಬೇಡಿ ತಿನ್ನುತ್ತಾಳೆ. ಆಮೇಲೆ ಹಳ್ಳಿಯ ಶಾಲೆಯೊಂದರಲ್ಲಿ ಮೇಡಂ ಆಗುತ್ತಾಳೆ. ಅವಳನ್ನು ಉಳಿಸಿದ್ದು ಓದು ಮತ್ತು ದುಡಿಮೆ. ಅನ್ನಾಳಿಗೆ ಅಂಥ ಆಸರೆ ಇರಲಿಲ್ಲ.

ಆದ್ದರಿಂದ ಎಂ.ಎ. ಆಸೆ ಬಿಡಬೇಡಿ. ಮೊದಲು ಅಮ್ಮನಿಗೋ ಅತ್ತೆ, ಚಿಕ್ಕಮ್ಮಂದಿರಲ್ಲಿ ಒಬ್ಬರಿಗೋ ಹೇಳಿ. ಫೀಸು, ಹಾಸ್ಟೆಲಿನ ಖರ್ಚು ಬರೆದಿಟ್ಟುಕೊಂಡು ಅಪ್ಪನೆದುರು ಕೂತು, ಎರಡು ವರ್ಷ ಸಮಯ ಕೇಳಿ. ನಿದ್ದೆಗೇಡು ಮುಂದುವರಿದರೆ, ಬದುಕು ಬೇಡವೆನಿಸಿದರೆ ತಡಮಾಡದೆ ಟೆಲಿ ಮಾನಸ್ (ಸರ್ಕಾರದ ಉಚಿತ ಮನೋ ಸಹಾಯವಾಣಿ) 14416ಕ್ಕೆ ಕರೆ ಮಾಡಿ.

ಪ್ರಶ್ನೆ: ಹೈಸ್ಕೂಲಿನ ಮಗ ‘ಹಕಲ್‌ಬರಿ ಫಿನ್’ ಹಿಡಿದು ಕೂತಿದ್ದಾನೆ. ಮನೆ ಬಿಟ್ಟು ಓಡುವ ಹುಡುಗನ ಕಥೆಯಂತೆ. ಇವನೂ ಕೈತಪ್ಪಿದರೆ?
– ತಾಯಿಯೊಬ್ಬರು, ಶಿರಸಿ

ಉತ್ತರ: ಮಗ ದಾರಿ ತಪ್ಪಬಾರದೆಂಬ ನಿಮ್ಮ ಕಾಳಜಿ ಸಹಜವೇ. 1885ರಲ್ಲಿ ಅಮೆರಿಕದ ಕಾನ್‌ಕಾರ್ಡ್ ಊರಿನ ಗ್ರಂಥಾಲಯದವರೂ ಈ ಪುಸ್ತಕ ಬೇಡವೆಂದು ಹೊರಗಿಟ್ಟಿದ್ದರು.

ಆದರೆ ಹಕ್ ಓಡಿದ್ದು ಕುಡಿದು ಹೊಡೆಯುವ ಅಪ್ಪನಿಂದ. ಅವನ ದೊಡ್ಡ ಬಂಡಾಯ 31ನೆಯ ಅಧ್ಯಾಯದಲ್ಲಿದೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಗೆಳೆಯ ಜಿಮ್‌ನನ್ನು ಹಿಡಿದುಕೊಡಲು ಬರೆದ ಕಾಗದವನ್ನು ಅವನು ಹರಿದು ಹಾಕುತ್ತಾನೆ. ಹಾಗೆ ಮಾಡಿದರೆ ನರಕವೇ ಗತಿಯೆಂದು ನಂಬಿಯೂ ಹರಿಯುತ್ತಾನೆ.

ಆ ಅಧ್ಯಾಯವನ್ನು ನೀವೂ ಓದಿ. ರಾತ್ರಿ ಊಟಕ್ಕೆ ಕೂತಾಗ, “ನೀನಾಗಿದ್ದರೆ ಏನು ಮಾಡುತ್ತಿದ್ದೆ?” ಎಂದು ಮಗನನ್ನು ಕೇಳಿ. ಅವನು ಹೇಳಿ ಮುಗಿಸುವ ತನಕ ನಡುವೆ ಬಾಯಿ ಹಾಕಬೇಡಿ.